ಅರ್ಧಾಯುವನ್ನು ನೀವೇ ಲೆಕ್ಕ ಹಾಕಿ: ಕೈಗಾದ ಯುರೇನಿಯಂನಿಂದ ಅಡಿಕೆ ತೋಟದ ಪೊಟ್ಯಾಷ್‌ವರೆಗೆ

ಪದವಿ ತರಗತಿಯ ಭೌತಶಾಸ್ತ್ರದಲ್ಲಿ ಆಲ್ಫಾ ಕ್ಷಯದ ಅರ್ಧಾಯುವನ್ನು, ಅಂದರೆ ಇದ್ದ ಪರಮಾಣುಗಳಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲವನ್ನು, ಕೊಡುವ ಗ್ಯಾಮೊ ಸೂತ್ರ ಒಂದೆರಡು ಪುಟದಲ್ಲಿ ಮುಗಿದುಹೋಗುತ್ತದೆ. ಸೂತ್ರ ಸಾಧಿಸಿ ಬರೆದರೆ ಅಂಕ ಬರುತ್ತದೆ. ಅದರೊಳಗೆ ಸಂಖ್ಯೆ ಹಾಕಿ ನೋಡುವ ಗೋಜಿಗೆ ಹೋಗುವವರು ಕಡಿಮೆ. ಹಾಕಿದವರಿಗೂ ಮೊದಲ ಸಲ ಉತ್ತರ ಸೊನ್ನೆ ಬರುತ್ತದೆ, ಇಲ್ಲವೇ ಕ್ಯಾಲ್ಕುಲೇಟರ್ ‘ಮ್ಯಾಥ್ ಎರರ್’ ಅನ್ನುತ್ತದೆ. ತಪ್ಪು ಎಲ್ಲಾಯಿತು ಅನ್ನುವುದು ಪುಸ್ತಕದಲ್ಲಿ ಇರುವುದಿಲ್ಲ. ಇಲ್ಲಿ ಆ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸಿದ್ದೇವೆ.

ಕಾರವಾರ, ಶಿರಸಿ ಕಡೆಯವರು ಉದಾಹರಣೆಗೆ ದೂರ ಹೋಗಬೇಕಿಲ್ಲ. ಕಾಳಿ ನದಿಯ ದಂಡೆಯ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಅವುಗಳ ಇಂಧನ ನೈಸರ್ಗಿಕ ಯುರೇನಿಯಂ, ಅದರಲ್ಲಿ ಶೇ. 99.3ರಷ್ಟು ಯುರೇನಿಯಂ-238, ಆಲ್ಫಾ ಕಣವನ್ನು (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ್ದು) ಹೊರಹಾಕುವಂಥದ್ದು. ಅದೇ ಸ್ಥಾವರದ ಭಾರಜಲದಲ್ಲಿ ಡ್ಯುಟೀರಿಯಂ ಒಂದು ನ್ಯೂಟ್ರಾನನ್ನು ನುಂಗಿ ಟ್ರಿಟಿಯಂ ಆಗುತ್ತದೆ, ಅದು ಬೀಟಾ, ಅಂದರೆ ಎಲೆಕ್ಟ್ರಾನ್ ಹೊರಹಾಕುವಂಥದ್ದು. ಇನ್ನು ಘಟ್ಟದ ಮೇಲಿನ ಅಡಿಕೆ ತೋಟಗಳಿಗೆ ಹೋಗುವ ಪೊಟ್ಯಾಷ್ ಚೀಲದಲ್ಲಿ ಪೊಟ್ಯಾಸಿಯಂ-40 ಇದೆ. ಈ ಮೂರರ ಅರ್ಧಾಯು ಕ್ರಮವಾಗಿ 447 ಕೋಟಿ ವರ್ಷ, 12.3 ವರ್ಷ, 125 ಕೋಟಿ ವರ್ಷ. ಮೊದಲ ಎರಡನ್ನು ಲೆಕ್ಕದಿಂದಲೇ ಹತ್ತಿರ ಹತ್ತಿರ ಹಿಡಿಯಬಹುದು. ಮೂರನೆಯದು ಯಾಕೆ ಅಷ್ಟು ದೊಡ್ಡದು ಎಂದು ಹೇಳಬಹುದು.

ಬೇಕಾದದ್ದು ಒಂದು ವೈಜ್ಞಾನಿಕ ಕ್ಯಾಲ್ಕುಲೇಟರ್ ಅಥವಾ ಮೊಬೈಲಿನಲ್ಲಿ ತೆರೆಯುವ ಸ್ಪ್ರೆಡ್‌ಶೀಟ್. ಶಕ್ತಿಯನ್ನು ಎಂಇವಿಯಲ್ಲಿ (ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್), ಉದ್ದವನ್ನು ಫೆಮ್ಟೋಮೀಟರಿನಲ್ಲಿ (10⁻¹⁵ ಮೀಟರ್) ಇಟ್ಟುಕೊಂಡರೆ ನೆನಪಿಡಬೇಕಾದ ಸ್ಥಿರಾಂಕಗಳು ಮೂರೇ: ಎಚ್-ಬಾರ್ ಗುಣಿಸು ಬೆಳಕಿನ ವೇಗ 197.327, ವಿದ್ಯುದಂಶದ ವರ್ಗ 1.44, ಒಂದು ಪರಮಾಣು ರಾಶಿಮಾನ 931.494. ಕೂಲಂಬ್, ಜೂಲ್, ಕಿಲೋಗ್ರಾಂ ಹಿಡಿದು ಹೊರಟರೆ ಹತ್ತರ ಘಾತ ಬರೆಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಬೇಡ.

ಮೊದಲು ಕ್ಯೂ

ಕ್ಷಯದಲ್ಲಿ ಬಿಡುಗಡೆಯಾಗುವ ಒಟ್ಟು ಶಕ್ತಿಗೆ ಕ್ಯೂ ಎನ್ನುತ್ತಾರೆ. ರಾಶಿ ಕೋಷ್ಟಕದಿಂದ ಮೂರು ಸಂಖ್ಯೆ ತೆಗೆದುಕೊಳ್ಳಿ: ಯುರೇನಿಯಂ-238ಕ್ಕೆ 238.050788, ಥೋರಿಯಂ-234ಕ್ಕೆ 234.043600, ಹೀಲಿಯಂ-4ಕ್ಕೆ 4.002603. ಮೊದಲನೆಯದರಿಂದ ಉಳಿದೆರಡನ್ನು ಕಳೆದರೆ 0.004585. ಅದನ್ನು 931.494ರಿಂದ ಗುಣಿಸಿದರೆ 4.27 ಎಂಇವಿ.

ಇಲ್ಲೇ ಎಡವಿ ಬೀಳುವ ಎರಡು ಗುಂಡಿಗಳಿವೆ. ಕೋಷ್ಟಕದಲ್ಲಿರುವುದು ಎಲೆಕ್ಟ್ರಾನುಗಳನ್ನೂ ಸೇರಿಸಿದ ಪರಮಾಣು ರಾಶಿ. ಯುರೇನಿಯಂನ 92 ಎಲೆಕ್ಟ್ರಾನುಗಳಲ್ಲಿ 90 ಥೋರಿಯಂಗೆ, 2 ಹೀಲಿಯಂಗೆ ಹೋಗಿ ಲೆಕ್ಕ ಸರಿಹೊಂದುತ್ತದೆ. ‘ಹೊರಬರುವುದು ಆಲ್ಫಾ ಕಣ ತಾನೆ’ ಎಂದು ಹೀಲಿಯಂ ಪರಮಾಣುವಿನ ಬದಲು ಬರಿ ಆಲ್ಫಾದ ರಾಶಿ 4.001506 ಹಾಕಿದಿರೋ, ಎರಡು ಎಲೆಕ್ಟ್ರಾನುಗಳ 1.02 ಎಂಇವಿ ಸುಮ್ಮನೆ ಸೇರಿಕೊಂಡು ಕ್ಯೂ 5.29 ಆಗುತ್ತದೆ. ಶಕ್ತಿಯಲ್ಲಿ ಇದು ಕಾಲು ಭಾಗದ ತಪ್ಪು. ಅರ್ಧಾಯುವಿನಲ್ಲಿ ಎರಡು ಕೋಟಿ ಪಟ್ಟು ತಪ್ಪು: ಯುರೇನಿಯಂ ಸುಮಾರು 75 ವರ್ಷಕ್ಕೆ ಅರ್ಧ ಕರಗಿಹೋಗಬೇಕಾಗುತ್ತದೆ.

ಎರಡನೆಯದು, ಪ್ರಯೋಗದಲ್ಲಿ ಅಳೆದ ಆಲ್ಫಾ ಶಕ್ತಿಯನ್ನೇ ಕ್ಯೂ ಎಂದು ಹಾಕುವುದು. ಯುರೇನಿಯಂ-238ರ ಮುಖ್ಯ ಆಲ್ಫಾ 4.198 ಎಂಇವಿ. ಉಳಿದ 0.072 ಎಂಇವಿ ಹಿಂದಕ್ಕೆ ಒದೆಸಿಕೊಂಡ ಥೋರಿಯಂ ಪಾಲು. ಅಷ್ಟು ಚಿಕ್ಕದನ್ನು ಮರೆತರೂ ಅರ್ಧಾಯು ನಾಲ್ಕು ಪಟ್ಟು ಹೆಚ್ಚಾಗಿ ಬರುತ್ತದೆ.

ತಡೆಗೋಡೆ ದಾಟುವ ಲೆಕ್ಕ

1911ರಲ್ಲಿ ಗೈಗರ್ ಮತ್ತು ನಟ್ಟಾಲ್ ಆಲ್ಫಾದ ಶಕ್ತಿ ಸ್ವಲ್ಪ ಏರಿದರೆ ಅರ್ಧಾಯು ವಿಪರೀತ ಇಳಿಯುತ್ತದೆ ಎಂದು ಕಂಡುಕೊಂಡಿದ್ದರು. ಕಾರಣ ಸಿಕ್ಕಿದ್ದು 1928ರಲ್ಲಿ. ಗ್ಯಾಮೊ ಒಂದು ಕಡೆ, ಗರ್ನಿ ಮತ್ತು ಕಾಂಡನ್ ಇನ್ನೊಂದು ಕಡೆ, ಹೊಸದಾಗಿ ಬಂದಿದ್ದ ಕ್ವಾಂಟಂ ಬಲವಿಜ್ಞಾನವನ್ನು ನ್ಯೂಕ್ಲಿಯಸ್ಸಿಗೆ ಹಚ್ಚಿ ನೋಡಿದರು. ನ್ಯೂಕ್ಲಿಯಸ್ಸಿನ ಅಂಚಿನಲ್ಲಿ ಆಲ್ಫಾಕ್ಕೆ ಎದುರಾಗುವ ವಿದ್ಯುತ್ ತಡೆಗೋಡೆಯ ಎತ್ತರ ಸುಮಾರು 28 ಎಂಇವಿ. ಆಲ್ಫಾದ ಬಳಿ ಇರುವುದು 4.27. ಹತ್ತಿ ಇಳಿಯುವ ಮಾತೇ ಇಲ್ಲ. ಆದರೂ ತರಂಗದ ಒಂದು ಕ್ಷೀಣ ಪಾಲು ಗೋಡೆಯ ಆಚೆ ಬದಿಯಲ್ಲಿ ಉಳಿದಿರುತ್ತದೆ. ಎಷ್ಟು ಎಂಬುದೇ ನಮ್ಮ ಲೆಕ್ಕ.

ಯುರೇನಿಯಂ-238ಕ್ಕೆ ಒಂದೊಂದೇ ಹೆಜ್ಜೆ ಇಡೋಣ. ಗೋಡೆ ಶುರುವಾಗುವ ದೂರವನ್ನು ಒಳಗಡಿ, ಮುಗಿಯುವ ದೂರವನ್ನು ಹೊರಗಡಿ ಎಂದು ಕರೆದಿದ್ದೇವೆ.

ಒಳಗಡಿ = 1.2 × (4ರ ಘನಮೂಲ + 234ರ ಘನಮೂಲ) = 1.2 × (1.587 + 6.162) = 9.30 ಫೆಮ್ಟೋಮೀಟರ್.

ಹೊರಗಡಿ = 2 × 90 × 1.44 ÷ 4.270 = 60.70 ಫೆಮ್ಟೋಮೀಟರ್. 90 ಎನ್ನುವುದು ಥೋರಿಯಂನ ಪರಮಾಣು ಸಂಖ್ಯೆ. ಆಲ್ಫಾ ಹೊರಬಿದ್ದ ಮೇಲೆ ಅದನ್ನು ತಳ್ಳುವುದು ಉಳಿದ ನ್ಯೂಕ್ಲಿಯಸ್ಸೇ ಹೊರತು 92ರ ಯುರೇನಿಯಂ ಅಲ್ಲ. ಇಲ್ಲಿ 92 ಹಾಕಿದರೆ ಉತ್ತರ ಸುಮಾರು 17 ಪಟ್ಟು ಹೆಚ್ಚುತ್ತದೆ.

ತಗ್ಗಿದ ರಾಶಿ = 4.0026 × 234.04 ÷ 238.05 = 3.935 ರಾಶಿಮಾನ, ಅಂದರೆ 3665.7 ಎಂಇವಿ. ಇದರ ಬದಲು ಆಲ್ಫಾದ ಪೂರ್ತಿ ರಾಶಿ ಹಾಕುವವರಿದ್ದಾರೆ, ವ್ಯತ್ಯಾಸ ಶೇ. 2ಕ್ಕೂ ಕಡಿಮೆ ಎಂಬುದು ಅವರ ವಾದ. ಅದರಿಂದ ಅರ್ಧಾಯು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ.

ತರಂಗಸಂಖ್ಯೆ = √(2 × 3665.7 × 4.270) ÷ 197.327 = 0.8966.

ಅನುಪಾತ = ಒಳಗಡಿ ÷ ಹೊರಗಡಿ = 0.1532, ಅದರ ವರ್ಗಮೂಲ 0.3914.

ಆಕಾರಾಂಶ = ಆರ್ಕ್‌ಕಾಸ್(0.3914) − √(0.1532 × 0.8468) = 1.1686 − 0.3602 = 0.8084.

ಗ್ಯಾಮೊ ಘಾತ = 2 × 0.8966 × 60.70 × 0.8084 = 88.0.

‘ಮ್ಯಾಥ್ ಎರರ್’ ಬರುವುದು ಈ ಆರ್ಕ್‌ಕಾಸ್‌ನಿಂದ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ 1.1686ರ ಜಾಗದಲ್ಲಿ 66.96 ಬರುತ್ತದೆ, ಘಾತ 7,200ನ್ನು ದಾಟುತ್ತದೆ, ದಾಟುವ ಸಂಭವ ಸೊನ್ನೆ ಎಂದು ತೋರಿಸುತ್ತದೆ, ಆಮೇಲೆ ಸೊನ್ನೆಯಿಂದ ಭಾಗಿಸುವುದು. ಕ್ಯಾಲ್ಕುಲೇಟರನ್ನು ರೇಡಿಯನ್‌ಗೆ ತಿರುಗಿಸಿಯೇ ಶುರುಮಾಡಿ. ಸ್ಪ್ರೆಡ್‌ಶೀಟ್ ತಾನಾಗಿ ರೇಡಿಯನ್‌ನಲ್ಲೇ ಉತ್ತರ ಕೊಡುತ್ತದೆ.

ದಾಟುವ ಸಂಭವ ಇ ಘಾತ −88, ಅಂದರೆ 6 × 10⁻³⁹. ಆಲ್ಫಾ ಒಳಗೆ ಗೋಡೆಗೆ ಎಷ್ಟು ಸಲ ಬಡಿಯುತ್ತದೆ ಎಂಬುದು ಇನ್ನು ಬಾಕಿ. ಒಳಗಿನ ಬಾವಿಯ ಆಳ 35 ಎಂಇವಿ ಎಂದಿಟ್ಟುಕೊಂಡರೆ ಚಲನಶಕ್ತಿ 39.27 ಎಂಇವಿ, ವೇಗ ಸೆಕೆಂಡಿಗೆ 4.39 × 10⁷ ಮೀಟರ್. ಅದನ್ನು ವ್ಯಾಸದಿಂದ, ಅಂದರೆ ಒಳಗಡಿಯ ಎರಡರಷ್ಟರಿಂದ, ಭಾಗಿಸಿದರೆ ಸೆಕೆಂಡಿಗೆ 2.36 × 10²¹ ಬಡಿತ. ಕೆಲವು ಪುಸ್ತಕಗಳು ಬಾವಿಯ ಆಳವನ್ನೇ ಬಿಟ್ಟು ವೇಗ ಕಂಡುಹಿಡಿಯುತ್ತವೆ. ಆಗ ಬಡಿತ ಮೂರನೇ ಒಂದಕ್ಕೆ ಇಳಿಯುತ್ತದೆ. ಯಾವುದಾದರೂ ಅಡ್ಡಿಯಿಲ್ಲ, ಆದರೆ ಎಲ್ಲ ನ್ಯೂಕ್ಲಿಯಸ್ಸುಗಳಿಗೂ ಒಂದೇ ಪದ್ಧತಿ ಇರಲಿ.

ಅರ್ಧಾಯು ಎಂದರೆ 0.693 ÷ (ಬಡಿತ × ದಾಟುವ ಸಂಭವ); 0.693ರ ಲಾಗ್ −0.159. ಈ ಕೊನೆಯ ಹೆಜ್ಜೆಯನ್ನು ಲಾಗ್‌ನಲ್ಲೇ ಮಾಡುವುದು ಒಳ್ಳೆಯದು:

ಅರ್ಧಾಯುವಿನ ಲಾಗ್ = ಘಾತ ÷ 2.3026 − ಬಡಿತದ ಲಾಗ್ − 0.159 = 38.218 − 21.373 − 0.159 = 16.686.

ಅಂದರೆ 4.85 × 10¹⁶ ಸೆಕೆಂಡ್. ವರ್ಷಕ್ಕೆ 3.156 × 10⁷ ಸೆಕೆಂಡಿನಂತೆ 154 ಕೋಟಿ ವರ್ಷ. ಅಳೆದದ್ದು 447 ಕೋಟಿ. ಲಾಗ್ ಯಾಕೆ ಎಂದರೆ, ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ಸಿಂಗಲ್ ಪ್ರಿಸಿಷನ್ ಸಂಖ್ಯೆ ಬಳಸಿದರೆ 10⁻³⁸ರ ಆಸುಪಾಸಿನಲ್ಲಿ ಅದು ನಿಖರತೆ ಕಳೆದುಕೊಳ್ಳಲು ಶುರುಮಾಡಿ, ಇನ್ನಷ್ಟು ಕೆಳಗೆ ಸೊನ್ನೆಯೇ ಆಗಿಬಿಡುತ್ತದೆ.

ಮೂರು ಪಟ್ಟು ತಪ್ಪು: ಸಂತೋಷ ಪಡಬೇಕೋ ಬೇಡವೋ

ಒಂದೇ ನ್ಯೂಕ್ಲಿಯಸ್ಸಿಗೆ ಲೆಕ್ಕ ಹಾಕಿ ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ. 1.2ರ ಬದಲು 1.25 ಹಾಕಿದರೆ ಉತ್ತರ ಐದು ಪಟ್ಟು ಕುಸಿಯುತ್ತದೆ, ಕ್ಯೂ 0.1 ಎಂಇವಿ ಆಚೀಚೆಯಾದರೆ ಏಳು ಪಟ್ಟು. ತ್ರಿಜ್ಯವನ್ನು ಸ್ವಲ್ಪ ತಿರುಗಿಸಿ 447 ಕೋಟಿಯನ್ನೇ ತರಿಸಬಹುದು, ಪ್ರಾಜೆಕ್ಟ್ ವರದಿಯಲ್ಲಿ ಅದು ಚೆನ್ನಾಗಿಯೂ ಕಾಣುತ್ತದೆ. ಹಾಗೆ ಮಾಡಬೇಡಿ. 1.2 ಅನ್ನು ಮುಟ್ಟದೆ ಅದೇ ಶೀಟಿನ ಮುಂದಿನ ಸಾಲುಗಳಲ್ಲಿ ಬೇರೆ ನ್ಯೂಕ್ಲಿಯಸ್ಸುಗಳನ್ನು ತುಂಬಿ. ಲೆಕ್ಕ ಬೇರೆ, ಅಳತೆ ಬೇರೆ ಆದಾಗ ಆ ಅಂತರ ಎಷ್ಟು, ಯಾವ ನ್ಯೂಕ್ಲಿಯಸ್ಸಿನಲ್ಲಿ ಹೆಚ್ಚು ಎಂಬುದರಲ್ಲೇ ಕಲಿಯುವುದೆಲ್ಲ ಇದೆ.

ಪೊಲೋನಿಯಂ-212 ಹಾಕಿ ನೋಡಿ. ಕ್ಯೂ 8.954, ಉಳಿಯುವುದು 82ರ ಸೀಸ-208. ಒಳಗಡಿ 9.01, ಹೊರಗಡಿ 26.4, ಘಾತ 32.3. ಅರ್ಧಾಯು 2.9 × 10⁻⁸ ಸೆಕೆಂಡ್ ಬರುತ್ತದೆ. ಅಳೆದದ್ದು 3 × 10⁻⁷. ಹತ್ತು ಪಟ್ಟು ಕಡಿಮೆ ಬಂತು. ಆದರೆ ಯುರೇನಿಯಂ-238ಕ್ಕೂ ಇದಕ್ಕೂ ಇರುವ ಅಂತರ 10²³ಕ್ಕೂ ಮಿಕ್ಕಿದ್ದು. ಅಷ್ಟು ಅಗಲದ ಹರವನ್ನು ಒಂದೇ ಸೂತ್ರ, ಒಂದೇ ತ್ರಿಜ್ಯದ ನಿಯಮ ಹತ್ತು ಪಟ್ಟಿನೊಳಗೆ ಹಿಡಿಯಿತು. ಸೂತ್ರದ ನಿಜವಾದ ಗೆಲುವು ಇದು.

ಈಗ ಪೊಲೋನಿಯಂ-210. ಕ್ಯೂ 5.407, ಜನ್ಯ (ಕ್ಷಯದ ನಂತರ ಉಳಿಯುವ ನ್ಯೂಕ್ಲಿಯಸ್) ಸೀಸ-206, ಘಾತ 61.2. ಲೆಕ್ಕ 1.27 ದಿನ ಎನ್ನುತ್ತದೆ, ಅಳತೆ 138.4 ದಿನ. ನೂರಕ್ಕೂ ಹೆಚ್ಚು ಪಟ್ಟು! ಎರಡೂ ಪೊಲೋನಿಯಂ, ಎರಡರಲ್ಲೂ ಪ್ರೋಟಾನ್ ಮತ್ತು ನ್ಯೂಟ್ರಾನುಗಳ ಸಂಖ್ಯೆ ಸಮ. ಹಾಗಿದ್ದೂ ಒಂದಕ್ಕೆ ಹತ್ತು, ಇನ್ನೊಂದಕ್ಕೆ ನೂರು. ಕಾರಣ ಗೋಡೆಯಲ್ಲಿಲ್ಲ, ಒಳಗಿದೆ. ನಮ್ಮ ಸೂತ್ರ ಆಲ್ಫಾ ಮೊದಲೇ ತಯಾರಾಗಿ ಒಳಗೆ ಓಡಾಡುತ್ತಿದೆ ಎಂದು ಭಾವಿಸಿಕೊಂಡಿದೆ. ನಿಜದಲ್ಲಿ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಒಟ್ಟಿಗೆ ಸೇರಿ ಆಲ್ಫಾ ಆಗಬೇಕು. ಪೊಲೋನಿಯಂ-212ರಲ್ಲಿ ತುಂಬಿದ ಕವಚದ ಸೀಸ-208ರ ಮೇಲೆ ಆ ನಾಲ್ಕೂ ಬಿಡಿಯಾಗಿ ಕೂತಿವೆ. ಪೊಲೋನಿಯಂ-210ರಲ್ಲಿ ನ್ಯೂಟ್ರಾನುಗಳು ಸರಿಯಾಗಿ 126, ಕವಚ ಭರ್ತಿ. ಆಲ್ಫಾ ಕಟ್ಟಲು ಆ ತುಂಬಿದ ಕವಚದಿಂದಲೇ ಎರಡನ್ನು ಕೀಳಬೇಕು. ಈ ಕೊರತೆಯನ್ನು ‘ಪೂರ್ವರಚನಾ ಗುಣಾಂಕ’ ಎಂದು ಸೂತ್ರಕ್ಕೆ ಗುಣಿಸುತ್ತಾರೆ.

ಹಾಗಾದರೆ ಯುರೇನಿಯಂ-238ರ ಗುಣಾಂಕ ಮೂರರಲ್ಲಿ ಒಂದೇ? ಹಾಗೆ ಓದಬೇಡಿ. ಯುರೇನಿಯಂ ಗುಂಡಗಿಲ್ಲ, ಉದ್ದಕ್ಕೆ ಎಳೆದ ಆಕಾರ ಅದರದ್ದು. ತುದಿಗಳ ಕಡೆ ಗೋಡೆ ತೆಳುವಾಗಿ ಆಲ್ಫಾ ಅಲ್ಲಿಂದ ಸುಲಭವಾಗಿ ಜಾರುತ್ತದೆ. ನಮ್ಮ ಗುಂಡು ಮಾದರಿ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಎರಡು ದೋಷ ಎದುರುಬದುರು ಎಳೆದು ಉತ್ತರ ಹತ್ತಿರ ಬಂದಂತೆ ಕಾಣುತ್ತಿದೆ, ಅಷ್ಟೆ.

ಕೈಗಾ ಇಂಧನದಲ್ಲಿ ಶೇ. 0.7ರಷ್ಟಿರುವ ಯುರೇನಿಯಂ-235 ಹಾಕಿದರೆ ಸೂತ್ರ ಪೂರ್ತಿ ಕೈಕೊಡುತ್ತದೆ. ಕ್ಯೂ 4.678, ಜನ್ಯ ಥೋರಿಯಂ-231, ಘಾತ 80.7; ಲೆಕ್ಕ ಹತ್ತೂವರೆ ಲಕ್ಷ ವರ್ಷ, ಅಳತೆ 70 ಕೋಟಿ. ಸುಮಾರು 670 ಪಟ್ಟು. ಜೋಡಿಯಿಲ್ಲದ ಒಂಟಿ ನ್ಯೂಟ್ರಾನ್ ಇಲ್ಲಿ ತೊಡಕು. ಥೋರಿಯಂ-231ರ ತಳಮಟ್ಟದಲ್ಲಿ (ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲಿ) ಅದು ಬೇರೆ ಕಕ್ಷೆಯಲ್ಲಿರಬೇಕಾಗುತ್ತದೆ. ಹಾಗಾಗಿ ಹೆಚ್ಚಿನ ಕ್ಷಯ ತಳಮಟ್ಟಕ್ಕೆ ಹೋಗದೆ ಸುಮಾರು 0.2 ಎಂಇವಿ ಮೇಲಿನ ಮಟ್ಟಕ್ಕೆ ಹೋಗುತ್ತದೆ. ಅತಿ ಹೆಚ್ಚು ಕಾಣುವ ಆಲ್ಫಾ 4.398 ಎಂಇವಿ ಇರುವುದು ಅದಕ್ಕೇ. ಇಂಥ ಕಡೆ ತಳಮಟ್ಟದ ಕ್ಯೂ ಬಿಟ್ಟು, ಯಾವ ಮಟ್ಟಕ್ಕೆ ಹೋಗುತ್ತದೋ ಅದರ ಶಕ್ತಿಯನ್ನು ಕಳೆದು ಶಾಖೆಗಳನ್ನು ಬೇರೆ ಬೇರೆ ಲೆಕ್ಕ ಹಾಕಬೇಕು. ಎಲ್ಲದಕ್ಕೂ ಕೋನೀಯ ಸಂವೇಗದ ಮೇಲೆ ದೂರು ಹಾಕುವುದು ಸುಲಭ. ಆದರೆ ಎರಡು ಘಟಕದ ಕೋನೀಯ ಸಂವೇಗ ಯುರೇನಿಯಂನ ಅಂಚಿನಲ್ಲಿ ಗೋಡೆಗೆ ಸೇರಿಸುವುದು 0.37 ಎಂಇವಿ ಮಾತ್ರ, ಅದೂ 28ರ ಮೇಲೆ. ಆಲ್ಫಾಕ್ಕೆ ಅದು ದೊಡ್ಡದಲ್ಲ.

ಗೋಡೆಯ ಲೆಕ್ಕವೇ ಬೇಡ, ಅಂದಾಜು ಸಾಕು ಎನ್ನುವವರಿಗೆ ವಯೋಲಾ–ಸೀಬೋರ್ಗ್ ಸೂತ್ರವಿದೆ. ಪರಮಾಣು ಸಂಖ್ಯೆಯನ್ನು 1.66175ರಿಂದ ಗುಣಿಸಿ 8.5166 ಕಳೆಯಿರಿ, ಅದನ್ನು ಕ್ಯೂದ ವರ್ಗಮೂಲದಿಂದ ಭಾಗಿಸಿ, ಅದರಿಂದ ಪರಮಾಣು ಸಂಖ್ಯೆಯ 0.20228ರಷ್ಟನ್ನೂ 33.9069 ಅನ್ನೂ ಕಳೆಯಿರಿ. ಸಿಗುವುದು ಸೆಕೆಂಡಿನಲ್ಲಿ ಅರ್ಧಾಯುವಿನ ಲಾಗ್. ಯುರೇನಿಯಂ-238ಕ್ಕೆ 17.35 ಬರುತ್ತದೆ, ಅಳತೆಯದ್ದು 17.15. ಪ್ರೋಟಾನ್ ಬೆಸವಾಗಿದ್ದರೆ 0.772, ನ್ಯೂಟ್ರಾನ್ ಬೆಸವಾಗಿದ್ದರೆ 1.066, ಎರಡೂ ಬೆಸವಾಗಿದ್ದರೆ 1.114 ಸೇರಿಸಬೇಕು. ಎಚ್ಚರ: ಇಲ್ಲಿ ಹಾಕಬೇಕಾದ್ದು ಮಾತೃ ನ್ಯೂಕ್ಲಿಯಸ್ಸಿನ ಪರಮಾಣು ಸಂಖ್ಯೆ, ಯುರೇನಿಯಂಗೆ 92. ಗೋಡೆಯ ಲೆಕ್ಕದಲ್ಲಿ ಜನ್ಯದ್ದು, ಇಲ್ಲಿ ಮಾತೃವಿನದ್ದು. ಎರಡನ್ನೂ ಒಂದೇ ಶೀಟಿನಲ್ಲಿ ಮಾಡುವವರು ಎರಡು ಬೇರೆ ಕಾಲಂ ಇಟ್ಟುಕೊಳ್ಳಲಿ. ಈ ಸೂತ್ರದ ಸಂಖ್ಯೆಗಳು ಅಳತೆಗಳಿಗೆ ಹೊಂದಿಸಿ ತೆಗೆದವು. ಅಂದಾಜಿಗೆ ಉತ್ತಮ, ಕಾರಣ ಕೇಳಿದರೆ ಬಾಯಿಬಿಡುವುದಿಲ್ಲ.

ಅದೇ ಗೋಡೆ ಶೀಟಿನಲ್ಲಿ ಒಂದು ಕುತೂಹಲದ ಸಾಲು ಸೇರಿಸಿ: ರೇಡಿಯಂ-223 ಕಾರ್ಬನ್-14 ಅನ್ನೇ ಇಡಿಯಾಗಿ ಉಗುಳುವುದು. ಇದನ್ನು 1984ರಲ್ಲಿ ರೋಸ್ ಮತ್ತು ಜೋನ್ಸ್ ಕಂಡರು. 2ರ ಜಾಗದಲ್ಲಿ 6, 4ರ ಜಾಗದಲ್ಲಿ 14, ಕ್ಯೂ 31.83, ಜನ್ಯ ಸೀಸ-209. ಘಾತ 67.3 ಬರುತ್ತದೆ, ಅರ್ಧಾಯು ಎರಡೂವರೆ ವರ್ಷಕ್ಕೆ ಹತ್ತಿರ. ಈ ದಾರಿಯೊಂದರದ್ದೇ ಅಳೆದ ಅರ್ಧಾಯು ಸುಮಾರು ಮೂರೂವರೆ ಕೋಟಿ ವರ್ಷ. ಅಂತರ ಒಂದೂವರೆ ಕೋಟಿ ಪಟ್ಟು. ನಾಲ್ಕು ಕಣ ಒಟ್ಟಾಗುವುದಕ್ಕೂ ಹದಿನಾಲ್ಕು ಕಣ ಒಟ್ಟಾಗುವುದಕ್ಕೂ ಇರುವ ವ್ಯತ್ಯಾಸ ಇಷ್ಟು.

ಬೀಟಾ: ಇಲ್ಲಿ ಗೋಡೆಯಿಲ್ಲ

ಬೀಟಾ ಕ್ಷಯಕ್ಕೆ ಈ ಶೀಟ್ ಬರುವುದಿಲ್ಲ. ಎಲೆಕ್ಟ್ರಾನ್ ಒಳಗೆ ಕಾದು ಕೂತಿರುವುದಿಲ್ಲ, ಕ್ಷಯದ ಗಳಿಗೆಯಲ್ಲೇ ಹುಟ್ಟುತ್ತದೆ. 1934ರಲ್ಲಿ ಫರ್ಮಿ ಕೊಟ್ಟ ಸಿದ್ಧಾಂತದಲ್ಲಿ ಎರಡು ಭಾಗ: ಎಲೆಕ್ಟ್ರಾನ್ ಮತ್ತು ನ್ಯೂಟ್ರಿನೊ ಶಕ್ತಿ ಹಂಚಿಕೊಳ್ಳಲು ಎಷ್ಟು ದಾರಿಗಳಿವೆ ಎಂಬ ಎಣಿಕೆ, ಮತ್ತು ನ್ಯೂಕ್ಲಿಯಸ್ಸಿನ ಒಳಗಿನ ಬದಲಾವಣೆ ಎಷ್ಟು ಸಲೀಸು ಎಂಬುದು.

ಟ್ರಿಟಿಯಂಗೆ ಎಣಿಕೆ ಹೀಗೆ. ಗರಿಷ್ಠ ಶಕ್ತಿ 18.6 ಕೆಇವಿ (ಸಾವಿರ ಕೆಇವಿ ಸೇರಿದರೆ ಒಂದು ಎಂಇವಿ). ಅದನ್ನು 0.6 ಕೆಇವಿಯ 31 ಸಾಲುಗಳಾಗಿ ಕತ್ತರಿಸಿ, ಪ್ರತಿ ಸಾಲಿಗೂ ನಡುಬಿಂದು ತೆಗೆದುಕೊಳ್ಳಿ: 0.3, 0.9, 1.5 ಹೀಗೆ. ಸೊನ್ನೆಯಿಂದ ಶುರುಮಾಡಿದರೆ ಅಲ್ಲಿ ಸಂವೇಗ ಸೊನ್ನೆ, ಮುಂದೆ ಅದರಿಂದ ಭಾಗಿಸಬೇಕಾದಲ್ಲಿ ಶೀಟ್ ಕೆಡುತ್ತದೆ. ಎಲ್ಲ ಶಕ್ತಿಗಳನ್ನೂ 511ರಿಂದ ಭಾಗಿಸಿ ಎಲೆಕ್ಟ್ರಾನ್ ರಾಶಿಯ ಮಾನಕ್ಕೆ ತನ್ನಿ. ಒಟ್ಟು ಶಕ್ತಿ = 1 + ಚಲನಶಕ್ತಿ. ಸಂವೇಗ = √(ಒಟ್ಟು ಶಕ್ತಿಯ ವರ್ಗ − 1). ಪ್ರತಿ ಸಾಲಿನಲ್ಲಿ ಸಂವೇಗ × ಒಟ್ಟು ಶಕ್ತಿ × (ಗರಿಷ್ಠ − ಚಲನಶಕ್ತಿ)ಯ ವರ್ಗ × ಸಾಲಿನ ಅಗಲ. ಅಗಲವನ್ನೂ 511ರಿಂದ ಭಾಗಿಸಲು ಮರೆಯುವುದೇ ಇಲ್ಲಿಯ ಮಾಮೂಲಿ ಎಡವಟ್ಟು.

ಎಲ್ಲ ಕೂಡಿದರೆ 2.0 × 10⁻⁶ ಆಸುಪಾಸು ಬರುತ್ತದೆ. ಆದರೆ ಹೊರಡುವ ಎಲೆಕ್ಟ್ರಾನನ್ನು ಹೀಲಿಯಂ-3ರ ಧನ ವಿದ್ಯುದಂಶ ಎಳೆಯುತ್ತದಲ್ಲ? ಅದಕ್ಕೆ ಪ್ರತಿ ಸಾಲನ್ನೂ ಫರ್ಮಿ ಗುಣಾಂಕದಿಂದ ಗುಣಿಸಬೇಕು. ಮೊದಲು ಒಂದು ಸಂಖ್ಯೆ ಕಂಡುಹಿಡಿಯಿರಿ: 6.283 × 2 × ಒಟ್ಟು ಶಕ್ತಿ ÷ (137 × ಸಂವೇಗ). ಅದನ್ನು, 1ರಿಂದ ಇ ಘಾತ ಋಣ ಅದೇ ಸಂಖ್ಯೆಯನ್ನು ಕಳೆದದ್ದರಿಂದ ಭಾಗಿಸಿ. ಈಗ ಮೊತ್ತ 2.87 × 10⁻⁶ಕ್ಕೆ ಏರುತ್ತದೆ.

ಎರಡನೇ ಭಾಗಕ್ಕೆ ಟ್ರಿಟಿಯಂ ಸುಲಭದ ಉದಾಹರಣೆ. ಒಳಗೆ ಒಂದು ನ್ಯೂಟ್ರಾನ್ ಪ್ರೋಟಾನ್ ಆಗುವುದಷ್ಟೆ. 6145 ಮತ್ತು 1.27 ಎಂಬ ಅಳೆದ ಸ್ಥಿರಾಂಕಗಳನ್ನು ಹಾಕಿದರೆ, ಮೊತ್ತ ಮತ್ತು ಅರ್ಧಾಯುವಿನ ಗುಣಲಬ್ಧ = 6145 ÷ (1 + 3 × 1.27ರ ವರ್ಗ) = 1052 ಸೆಕೆಂಡ್. ಇದನ್ನು 2.87 × 10⁻⁶ರಿಂದ ಭಾಗಿಸಿದರೆ 3.67 × 10⁸ ಸೆಕೆಂಡ್, 11.6 ವರ್ಷ. ಅಳತೆ 12.32. ಫರ್ಮಿ ಗುಣಾಂಕ ಬಿಟ್ಟಿದ್ದರೆ 17 ವರ್ಷದ ಹತ್ತಿರ ಬರುತ್ತಿತ್ತು. ಉಳಿದ ಅಲ್ಪ ವ್ಯತ್ಯಾಸಕ್ಕೆ ಮುಖ್ಯ ಕಾರಣ ಆ 3; ಅದು ಬಿಡಿ ನ್ಯೂಟ್ರಾನಿನ ಸಂಖ್ಯೆ, ಟ್ರಿಟಿಯಂ ಒಳಗೆ ಸ್ವಲ್ಪ ಇಳಿಯುತ್ತದೆ.

ಇನ್ನು ಪೊಟ್ಯಾಸಿಯಂ-40. ಇದರ ಬೀಟಾದ ಗರಿಷ್ಠ ಶಕ್ತಿ 1.311 ಎಂಇವಿ, ಟ್ರಿಟಿಯಂನ 70 ಪಟ್ಟು. ಶಕ್ತಿ ಹೆಚ್ಚಿದಂತೆ ಬೀಟಾ ಕ್ಷಯ ಅದರ ಐದನೇ ಘಾತದಂತೆ ಚುರುಕಾಗುತ್ತದೆ ಎಂಬ ಸಾರ್ಜೆಂಟ್ ನಿಯಮವನ್ನು ಕಣ್ಣುಮುಚ್ಚಿ ಹಚ್ಚಿದರೆ ಇದು ಕ್ಷಣಮಾತ್ರದಲ್ಲಿ ಮುಗಿಯಬೇಕಿತ್ತು. ಅಳತೆಯಲ್ಲಿ ಟ್ರಿಟಿಯಂಗಿಂತ ಹತ್ತು ಕೋಟಿ ಪಟ್ಟು ನಿಧಾನ. ಮಾತೃವಿನ ಸ್ಪಿನ್ (ನ್ಯೂಕ್ಲಿಯಸ್ಸಿನ ಸ್ವಂತ ಕೋನೀಯ ಸಂವೇಗ) 4, ಜನ್ಯ ಕ್ಯಾಲ್ಸಿಯಂ-40ರದ್ದು 0, ಜೊತೆಗೆ ಪ್ಯಾರಿಟಿಯೂ (ದಿಕ್ಕುಗಳನ್ನೆಲ್ಲ ತಿರುಗಿಸಿದಾಗ ತರಂಗದ ಚಿಹ್ನೆ ಉಳಿಯುತ್ತದೋ ಬದಲಾಗುತ್ತದೋ ಎಂಬ ಗುಣ) ಬದಲಾಗಬೇಕು. ಎಲೆಕ್ಟ್ರಾನ್ ಮತ್ತು ನ್ಯೂಟ್ರಿನೊ ತಮ್ಮ ಸ್ಪಿನ್ನಿನಿಂದ ಒಯ್ಯಬಲ್ಲದ್ದು 1 ಮಾತ್ರ, ಉಳಿದ 3 ಕಕ್ಷೀಯ ಸಂವೇಗವಾಗಿ ಹೋಗಬೇಕು. ಒಂದೊಂದು ಘಟಕಕ್ಕೂ ತೆರಬೇಕಾದ ದಂಡ (ಸಂವೇಗ × ತ್ರಿಜ್ಯ ÷ 197)ರ ವರ್ಗ. ಸಂವೇಗ 1, ತ್ರಿಜ್ಯ 4 ಎಂದಿಟ್ಟರೆ 4 × 10⁻⁴. ಮೂರು ಸಲ ಗುಣಿಸಿದರೆ 10⁻¹⁰ಕ್ಕೂ ಕಡಿಮೆ. ಆಲ್ಫಾದಲ್ಲಿ ಕೋನೀಯ ಸಂವೇಗವನ್ನು ಬದಿಗಿಟ್ಟೆವು. ಬೀಟಾದಲ್ಲಿ ಮೊದಲು ನೋಡಬೇಕಾದ್ದೇ ಅದು. ಕ್ಯೂ ನೋಡುವ ಮುಂಚೆ ಸ್ಪಿನ್ ಮತ್ತು ಪ್ಯಾರಿಟಿ ನೋಡಿ.

ಅರ್ಧಾಯುವಿನಿಂದ ಎಣಿಕೆಗೆ

ಕಾಲೇಜಿನಲ್ಲಿ ಗೈಗರ್ ಎಣಿಕೆ ಯಂತ್ರ ಇದ್ದರೆ ಟ್ರಿಟಿಯಂ ಯೋಚನೆ ಬಿಡಿ, 18.6 ಕೆಇವಿಯ ಬೀಟಾ ಕೊಳವೆಯ ಕಿಟಕಿಯನ್ನೇ ದಾಟುವುದಿಲ್ಲ, ಅದಕ್ಕೆ ದ್ರವ ಸಿಂಟಿಲೇಟರ್ ಬೇಕು. ಪೊಟ್ಯಾಷ್ ಒಳ್ಳೆಯ ಆಯ್ಕೆ.

ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಶೇ. 0.0117 ಪೊಟ್ಯಾಸಿಯಂ-40; ಪರಮಾಣುಗಳ ಎಣಿಕೆ 1.80 × 10¹⁸. ಅದನ್ನು 0.693ರಿಂದ ಗುಣಿಸಿ 3.94 × 10¹⁶ ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 32 ಕ್ಷಯ. ಚೀಲದ ಮೇಲೆ ಬರೆದಿರುವ ಶೇ. 60 ಪೊಟ್ಯಾಸಿಯಂ ಆಕ್ಸೈಡ್ ಲೆಕ್ಕದ್ದು. ಬರಿ ಪೊಟ್ಯಾಸಿಯಂ ಬೇಕಾದರೆ 0.83ರಿಂದ ಗುಣಿಸಿ, ಶೇ. 50 ಬರುತ್ತದೆ. 50 ಕಿಲೋ ಚೀಲವೊಂದರಲ್ಲಿ ಸೆಕೆಂಡಿಗೆ ಎಂಟು ಲಕ್ಷದಷ್ಟು ಕ್ಷಯ. ಹೆದರುವಂಥದ್ದೇನಲ್ಲ, ನಮ್ಮ ಮೈಯಲ್ಲೂ ಪೊಟ್ಯಾಸಿಯಂ ಇದೆ. ಮಿಶ್ರ ಗೊಬ್ಬರದಲ್ಲಿ ಆಕ್ಸೈಡ್ ಪ್ರಮಾಣ ಬೇರೆ ಇರುತ್ತದೆ, ಚೀಲ ಓದಿಕೊಂಡು ಲೆಕ್ಕ ಹಾಕಿ.

ಚಪ್ಪಟೆ ತಟ್ಟೆಯಲ್ಲಿ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹರಡಿದರೆ ಸಾಕು. ಅದಕ್ಕಿಂತ ಆಳದಿಂದ ಹೊರಟ ಬೀಟಾ ಪುಡಿಯಲ್ಲೇ ನಿಂತುಹೋಗುತ್ತದೆ, ಎಷ್ಟು ಸುರಿದರೂ ಬೀಟಾ ಎಣಿಕೆ ಏರುವುದಿಲ್ಲ. ಪುಡಿ ಒಣಗಿರಲಿ, ಕರಾವಳಿಯ ಮಳೆಗಾಲದಲ್ಲಿ ತೆರೆದಿಟ್ಟರೆ ನೀರು ಹೀರಿ ಗಟ್ಟಿಯಾಗುತ್ತದೆ, ತೂಕ ತಪ್ಪುತ್ತದೆ. ನೂರರಲ್ಲಿ 89 ಕ್ಷಯ ಬೀಟಾ, 11ರಷ್ಟು ಎಲೆಕ್ಟ್ರಾನ್ ಸೆರೆಯಾಗಿ 1.46 ಎಂಇವಿಯ ಗ್ಯಾಮಾ ಕೊಡುವಂಥವು. ಯಂತ್ರ ಎಣಿಸುವುದರಲ್ಲಿ ಬೀಟಾದ್ದೇ ದೊಡ್ಡ ಪಾಲು.

ಹಿನ್ನೆಲೆ ಎಣಿಕೆಯನ್ನು ಮಾದರಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೆಗೆಯಿರಿ. ಜೋರು ಮಳೆ ಬೀಳುವಾಗ ಗಾಳಿಯಲ್ಲಿದ್ದ ರೇಡಾನಿನ ಸಂತತಿ, ಸೀಸ-214 ಮತ್ತು ಬಿಸ್ಮತ್-214, ನೀರಿನೊಂದಿಗೆ ನೆಲಕ್ಕಿಳಿದು ಗ್ಯಾಮಾ ಹಿನ್ನೆಲೆಯನ್ನು ಏರಿಸುತ್ತವೆ. ಅವುಗಳ ಅರ್ಧಾಯು 27 ಮತ್ತು 20 ನಿಮಿಷ. ಮಳೆ ನಿಂತ ಮೇಲೂ ಎರಡು ಮೂರು ಗಂಟೆ ಅವುಗಳ ಪ್ರಭಾವ ಇರುತ್ತದೆ. ಎರಡು ಹಿನ್ನೆಲೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಆ ದಿನದ ಎಣಿಕೆ ಬಿಟ್ಟು, ಮಳೆ ಹೊಳವಾದ ಮೇಲೆ ಮತ್ತೆ ತೆಗೆಯಿರಿ.